ಬಿತ್ತನೆ ರಾಗಿಯ ಹಾಗೆ ಮುಚ್ಚಿಟ್ಟ ಕಾರು

ನಮ್ಮ ತಂದೆಯವರು ಆ ಕಾರಿನ ಬಾಗಿಲುಗಳ ಸಂದಿಗೆಲ್ಲ ಸಗಣಿಯನ್ನೂ ಕೆಮ್ಮಣ್ಣನ್ನೂ ಕಲಸಿ ಮೆತ್ತಿದ್ದರು. ಇದನ್ನು ಮೊದಲ ವಾಕ್ಯದಲ್ಲಿಯೇ ಹೇಳಿಬಿಡುತ್ತೇನೆ. ಆ ವಾರ ನಮ್ಮ ಮನೆಯಲ್ಲಿ ನಡೆದುದಕ್ಕೆಲ್ಲ ಮೂಲ ಆ ಸಗಣಿಯೇ.

ಕಾರು ನಮ್ಮದಲ್ಲ. ಅದು ಕೋಲಾರದಲ್ಲಿ ವಕೀಲಿ ಮಾಡುತ್ತಿದ್ದ ಹಿರಿಯರೊಬ್ಬರದು. ಶ್ರೀನಿವಾಸಪುರದ ಹೊರಗೆ ಅವರಿಗೊಂದು ಮಾವಿನ ತೋಪಿತ್ತು. ನಮ್ಮ ತಂದೆಯವರು ಆ ತೋಪಿನ ಕಾವಲುಗಾರರು. ತೋಪಿನ ಅಂಚಿನ ಮನೆ, ಬಾವಿ, ಬಾವಿಯ ಕೆಳಗಿನ ತುಂಡು ಹೊಲ, ಇಷ್ಟನ್ನೂ ಕಾವಲಿನ ಬಾಬ್ತಾಗಿ ಅನುಭವಿಸಿಕೊಂಡಿರಲು ವಕೀಲರು ಬಿಟ್ಟಿದ್ದರು. ನಾನು ಹುಟ್ಟಿದ್ದು ಆ ಮನೆಯಲ್ಲಿ. ಬೆಂಗಳೂರಿನಲ್ಲಿ ಬಿ.ಎ. ಓದಿದ್ದು ಆ ಹೊಲದ ಬೆಳೆಯಿಂದ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನೇ ನಾನು ಮೊದಲಿಗ; ಪದವಿಯ ಮಾತು ಹಾಗಿರಲಿ.

ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನು ಹುಟ್ಟಿದಾಗ ವಕೀಲರು ಕಾರನ್ನು ತೋಪಿಗೆ ತಂದು ನಿಲ್ಲಿಸಿದರು. ದನದ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಸೂರಿತ್ತು. ಅದರಡಿಯಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿ, ತಂದೆಯವರ ಕಡೆಗೆ ತಿರುಗಿ, ಕೆಡದ ಹಾಗೆ ನೋಡಿಕೋ ಎಂದಷ್ಟೇ ಹೇಳಿ, ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸನ್ನು ಹತ್ತಿ ಕೋಲಾರಕ್ಕೆ ಹೊರಟುಹೋದರು. ಆಮೇಲೆ ಕೋರ್ಟಿನ ಕೆಲಸ, ಮಂಡಿನೋವು ಇವುಗಳ ನಡುವೆ ಅವರು ಈ ಕಡೆ ಬರಲಿಲ್ಲ. ಫಸಲಿನ ವ್ಯವಹಾರವನ್ನು ಮುಳಬಾಗಿಲಿನಲ್ಲಿದ್ದ ಅವರ ದೂರದ ನಂಟರೊಬ್ಬರು ನೋಡಿಕೊಳ್ಳುತ್ತಿದ್ದರು. ಅವರನ್ನು ನಾವು ಪಾರುಪತ್ಯದವರು ಎನ್ನುತ್ತಿದ್ದೆವು.

ಕೆಡದ ಹಾಗೆ ಇಡುವ ವಿಧಾನ ನಮ್ಮ ತಂದೆಯವರಿಗೆ ಒಂದೇ ಒಂದು ಗೊತ್ತಿತ್ತು. ಬಿತ್ತನೆಯ ರಾಗಿಯನ್ನು ಅವರು ವಾಡೆಯಲ್ಲಿ, ಅಂದರೆ ಆಳುದ್ದದ ಮಣ್ಣಿನ ಕಣಜದಲ್ಲಿ, ಹುಳು ಹತ್ತದ ಹಾಗೆ ಕಹಿ ವಾಸನೆಯ ಲಕ್ಕಿ ಸೊಪ್ಪಿನ ಜೊತೆ ತುಂಬಿ, ಬಾಯಿಗೆ ಸಗಣಿ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಹಾಗೆ ಮುಚ್ಚಿದ್ದು ಯಾವಾಗ ತೆಗೆದರೂ ಮೊಳಕೆಗೆ ಬರುತ್ತಿತ್ತು. ಅವರು ಕಾರಿಗೂ ಅದನ್ನೇ ಮಾಡಿದರು. ಸೀಟುಗಳ ಮೇಲೆ ಹೊರೆ ಹೊರೆಯಾಗಿ ಲಕ್ಕಿ ಸೊಪ್ಪು ಹಾಸಿದರು. ಬಾಗಿಲುಗಳನ್ನು ಮುಚ್ಚಿ ಸಂದಿಗೆಲ್ಲ ಮೆತ್ತಿದರು. ಹೊರಮೈಗೆ, ಹೊಸ ನೊಗಕ್ಕೆ ಬಳಿಯುವಂತೆ, ಹರಳೆಣ್ಣೆ ಬಳಿದರು. ಇಷ್ಟಾದ ಮೇಲೆ ಪ್ರತಿ ಆಯುಧಪೂಜೆಗೆ ನೇಗಿಲು ಕುಡುಗೋಲುಗಳ ಜೊತೆ ಅದಕ್ಕೂ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು.

ಯುದ್ಧ ಮುಗಿದು, ಪದವಿ ಪಡೆದು, ಕೆಲಸದ ಕರೆಗಾಗಿ ಕಾಯುತ್ತ ನಾನು ಊರಿಗೆ ಬಂದಾಗ ಆ ಸೂರಿನಡಿಯಲ್ಲಿ ಕಾರೆಂಬುದು ಕಾಣುತ್ತಿರಲಿಲ್ಲ. ಹರಳೆಣ್ಣೆ ಗೋಂದಿನಂತೆ ಗಟ್ಟಿಯಾಗಿ, ಅದರ ಮೇಲೆ ಹೊಟ್ಟು, ಧೂಳು, ಕೋಳಿಯ ಪುಕ್ಕ, ವರ್ಷ ವರ್ಷದ ಅರಿಸಿನ ಎಲ್ಲವೂ ಅಂಟಿಕೊಂಡಿದ್ದವು. ದೀಪಗಳ ಹಿಂದೆ ಕಡಜದ ಹುಳುಗಳು ಮಣ್ಣಿನ ಗೂಡು ಕಟ್ಟಿದ್ದವು. ಛಾವಣಿಯ ಮೇಲೆ ಹುಲ್ಲಿನ ಹೊರೆಗಳಿದ್ದವು. ನಾನು ಅತಿಶಯವಾಗಿ ಹೇಳುತ್ತಿಲ್ಲ: ದೂರದಿಂದ ನೋಡಿದವರು ಅದನ್ನು ಹುತ್ತವೆಂದೇ ತಿಳಿಯುತ್ತಿದ್ದರು.

ಮಾವಿನ ಫಸಲು ಮುಗಿದು ಮೋಡ ಕಟ್ಟತೊಡಗಿದ ದಿನಗಳಲ್ಲಿ ಒಂದು ಸೋಮವಾರ, ತಾವು ಶುಕ್ರವಾರ ಬರುವುದಾಗಿ ವಕೀಲರು ಬಸ್ಸಿನ ಕಂಡಕ್ಟರನ ಮೂಲಕ ಹೇಳಿಕಳುಹಿಸಿದರು. ಕಾರನ್ನು ನೋಡುವುದು ಒಂದು ಕೆಲಸ. ಇನ್ನೊಂದು, ತೋಪಿನ ಕಾವಲನ್ನು ಯಾರಿಗೆ ಬಿಡುವುದೆಂದು ತೀರ್ಮಾನಿಸುವುದು. ಈ ಎರಡನೆಯ ಮಾತು ನಮಗೆ ಹೊಸದು. ಇದು ಎಲ್ಲಿಂದ ಹುಟ್ಟಿತೆಂದು ಕಂಡಕ್ಟರೇ ಹೇಳಿದ. ತೋಪಿಗೆ ತಮ್ಮ ಕಡೆಯ ಬೈರಕೂರಿನ ಆಳೊಬ್ಬನನ್ನು ತರಬೇಕೆಂದು ಪಾರುಪತ್ಯದವರಿಗೆ ಬಹಳ ದಿನಗಳಿಂದ ಇತ್ತಂತೆ. ಕಾರನ್ನು ಕೊಟ್ಟಿಗೆಯಲ್ಲಿ ಕೊಳೆಯಹಾಕಿದ್ದಾನೆ, ಸೀಟಿನಲ್ಲಿ ಇಲಿ ಮರಿಹಾಕಿವೆ, ಅಂಥವನ ಕೈಗೆ ಮರಗಳನ್ನು ಕೊಡುವುದು ಹೇಗೆ ಎಂದು ಅವರು ವಕೀಲರ ಕಿವಿಗೆ ಹಾಕಿದ್ದರಂತೆ.

ಶುಕ್ರವಾರ ಆ ಕಾರು ಹೇಗೆ ಕಾಣುತ್ತದೆಯೋ ಅದರ ಮೇಲೆ ನಮ್ಮ ಮನೆ ನಿಂತಿತ್ತು.

ತಂದೆಯವರಿಗೆ ಆತಂಕವೇನೂ ಆದಂತೆ ಕಾಣಲಿಲ್ಲ. ಬಂದು ನೋಡಲಿ, ಒಳಗೆಲ್ಲ ಇಟ್ಟ ಹಾಗೇ ಇದೆ ಎಂದರು. ಹೊರಗಿನದನ್ನು ನೋಡಿದ ಮೇಲೆ ಒಳಗಿನದನ್ನು ಯಾರೂ ಕೇಳುವುದಿಲ್ಲ ಎಂದು ನಾನು ವಿವರಿಸಿದೆ. ಬೆಂಗಳೂರಿನಲ್ಲಿ ನಾನು ಕಾರುಗಳನ್ನು ಕಂಡಿದ್ದೆ; ಅವುಗಳ ಒಡೆಯರು ಮುಖ ನೋಡಿಕೊಳ್ಳುವಷ್ಟು ಅವು ಹೊಳೆಯುತ್ತಿದ್ದವು. ಸಗಣಿ ಎಂಬ ಮಾತನ್ನು ವಕೀಲರ ಮುಂದೆ ಎತ್ತಬಾರದೆಂದೂ, ಅದರ ಗುರುತೇ ಉಳಿಯದಂತೆ ತೆಗೆದುಬಿಡೋಣವೆಂದೂ ಕೇಳಿಕೊಂಡೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಎದ್ದುಹೋಗಿ ಛಾವಣಿಯ ಮೇಲಿನ ಹುಲ್ಲನ್ನು ಇಳಿಸತೊಡಗಿದರು.

ಮೊದಲು ಗೋಣಿತಾಟುಗಳನ್ನು ನೆನೆಸಿ ಬಾಗಿಲುಗಳ ಮೇಲೆ ಹೊದಿಸಿದೆವು. ಮೆತ್ತಿದ್ದು ನೆನೆದ ಮೇಲೆ ಬಿದಿರಿನ ಸೀಳಿನಿಂದ ನಾನು ಸಂದಿ ಸಂದಿಯನ್ನೂ ಕೆರೆದೆ. ಕಬ್ಬಿಣ ಮುಟ್ಟಿಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆಂಬ ಭಯ. ಕೆರೆದದ್ದನ್ನು ನೆಲಕ್ಕೆ ಬೀಳಿಸದೆ ಬುಟ್ಟಿಯಲ್ಲಿ ಹಿಡಿದು ತಿಪ್ಪೆಗೆ ಸುರಿದುಬಂದೆ. ತಂದೆಯವರು ನೋಡುತ್ತಲೇ ಇದ್ದರು.

ಹರಳೆಣ್ಣೆಯ ಗೋಂದು ಯಾವುದಕ್ಕೂ ಬಗ್ಗಲಿಲ್ಲ. ಸೀಮೆಎಣ್ಣೆಗೆ ಬಗ್ಗುತ್ತಿತ್ತೇನೋ, ಆದರೆ ಅದು ದೀಪಕ್ಕೇ ಸಾಲದ ಕಾಲ. ಬಿಸಿನೀರು ಸುರಿದರೆ ಮೇಲೆ ಮೇಲೆ ಜಾರಿಹೋಗುತ್ತಿತ್ತು. ಆಗ ನಮ್ಮ ತಾಯಿಯವರು ಬಂದರು. ಅವರದು ಮುಳಬಾಗಿಲಿನ ಆಚೆಯ ಗಡಿಯೂರು. ಮಾತಿನಲ್ಲಿ ತೆಲುಗು ಸುಳಿಯುತ್ತಿತ್ತು.

"ತಲೇಲಿ ಎಣ್ಣೆಜಿಡ್ಡು ಕಟ್ಟಿದ್ರೆ ಏನ್ ಮಾಡ್ತೀಯೋ ನಾಯನಾ? ಮೇಲೆ ಇನ್ನೊಂದಿಷ್ಟು ಬಿಸಿ ಎಣ್ಣೆ ಹಚ್ಚಿ, ಬಿಟ್ಟು, ಸೀಗೇಕಾಯಿ ಹಾಕ್ತೀವಿ. ಇದಕ್ಕೂ ತಲೆಗೆ ನೀರ್ ಹಾಕು."

ಹಾಗೆಯೇ ಆಯಿತು. ಹಳೆಯ ಎಣ್ಣೆ ಹೊಸ ಎಣ್ಣೆಗೆ ಮೆತ್ತಗಾಯಿತು. ಬಿಸಿ ಸೀಗೆಯ ನೀರಿಗೆ ಎರಡೂ ಹೊರಟುಹೋದವು. ಮಂಗಳವಾರ ಸಂಜೆಯ ವೇಳೆಗೆ ಹಿಂದಿನ ಬಾಗಿಲ ಮೇಲೆ ಅಂಗೈಯಗಲದ ಕಪ್ಪು ಬಣ್ಣ ಕಾಣಿಸಿತು. ಅದರ ಸುತ್ತ ಇನ್ನೂ ಒಂದು ಇಡೀ ಕಾರು ಬಾಕಿಯಿತ್ತು.

ಒಳಗೆ ಸೊಪ್ಪೆಲ್ಲ ಒಣಗಿ ಪುಡಿಯಾಗಿತ್ತು. ಗುಡಿಸಿ ಹೊರಹಾಕಿದರೆ ಸೀಟುಗಳ ಚರ್ಮ ಬೂಷ್ಟು ಹಿಡಿದು ಬೂದುಬಣ್ಣಕ್ಕೆ ತಿರುಗಿದ್ದರೂ ಎಲ್ಲಿಯೂ ಹರಿದಿರಲಿಲ್ಲ. ಬೇವಿನ ನೀರಿನಲ್ಲಿ ಒರೆಸಿ, ಬಾಗಿಲುಗಳನ್ನು ತೆರೆದಿಟ್ಟು ಬಿಸಿಲು ಕಾಣಿಸಿ, ಹೊಂಗೆ ಎಣ್ಣೆ ತಿಕ್ಕಿದೆವು. ಗಾಜುಗಳಿಗೆ ಸೋಸಿದ ಬೂದಿ. ಚಕ್ರದ ಕಡ್ಡಿಗಳಿಗೆ ತೆಂಗಿನ ನಾರು. ಒಂದೊಂದು ಕಡ್ಡಿಯನ್ನೂ ತಂದೆಯವರು ಎತ್ತಿನ ಕೊಂಬು ತಿಕ್ಕುವಂತೆ ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು.

ಬುಧವಾರ ಮಧ್ಯಾಹ್ನ ಪಾರುಪತ್ಯದವರು ಬಂದರು. ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಕಾರನ್ನು ಒಂದು ಸುತ್ತು ಬಂದರು. ಒಂದು ಮಗ್ಗುಲು ತೊಳೆದು ಕಪ್ಪಗೆ ಕಾಣುತ್ತಿತ್ತು, ಇನ್ನೊಂದು ಮಗ್ಗುಲು ಹಾಗೆಯೇ ಇತ್ತು. ಅವರು ಆ ಇನ್ನೊಂದು ಮಗ್ಗುಲಿನ ಮುಂದೆ ನಿಂತು ನನ್ನನ್ನು ಕರೆದರು.

"ಏನ್ರೀ ಬಿ.ಎ. ಸಾಹೇಬ್ರೇ, ಕಾರು ತೊಳೆಯೋದನ್ನೂ ಕಾಲೇಜಲ್ಲಿ ಹೇಳ್ಕೊಟ್ರಾ?"

ನಾನು ಸೂಕ್ತವಾದ ಉತ್ತರವನ್ನು ಮನಸ್ಸಿನಲ್ಲಿ ಕಟ್ಟುವಷ್ಟರಲ್ಲಿ ಅವರು ತಂದೆಯವರ ಕಡೆ ತಿರುಗಿದ್ದರು.

"ಏನ್ಲಾ, ಕಾರು ಶುಕ್ರವಾರ ಹೋಗುತ್ತೆ. ಅದರ ಹಿಂದೆ ನಿನ್ನ ಗಂಟುಮೂಟೆ ಹೊರಡ್ಬೇಕು. ಗಾಡಿ ಈಗ್ಲೇ ಹೇಳಿಡ್ಲಾ?"

ತಂದೆಯವರು ಕಡ್ಡಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಬೇಕಾದರೆ ಗಾಡಿ ನಮ್ಮದೇ ಇದೆ ಎಂದರು. ಪಾರುಪತ್ಯದವರು ನಕ್ಕು, ಬಾವಿಯನ್ನೂ ಕೆಳಗಿನ ಹೊಲವನ್ನೂ ಹೊಸದಾಗಿ ನೋಡುವವರಂತೆ ನಿಧಾನವಾಗಿ ನೋಡಿಕೊಂಡು ಹೊರಟುಹೋದರು. ಆ ನೋಟ ನನಗೆ ಮಾತಿಗಿಂತ ಹೆಚ್ಚಾಗಿ ನಾಟಿತು. ಆ ಸಂಜೆ ಊಟಕ್ಕೆ ಕುಳಿತಾಗ ಮನೆಯ ತೊಲೆಗಳನ್ನು ಎಣಿಸುತ್ತಿದ್ದೆನೆಂದು ತಾಯಿಯವರು ಹೇಳಿದರು. ನನಗೆ ಅದರ ಅರಿವಿರಲಿಲ್ಲ.

ಗುರುವಾರ ಬೆಳಿಗ್ಗೆ ಎರಡು ಕೆಲಸಗಳು ಉಳಿದಿದ್ದವು. ಹೊಳಪು ಕೊಡಲು ಜೇನುಮೇಣ ಬೇಕಾಗಿತ್ತು. ಅದನ್ನು ತರಲು ನಾನೂ ತಂದೆಯವರೂ ಶ್ರೀನಿವಾಸಪುರಕ್ಕೆ ಹೋದೆವು. ದೀಪಗಳ ಸುತ್ತಲಿನ ಹಿತ್ತಾಳೆಯ ಬಳೆಗಳು ಹಸಿರುಗಟ್ಟಿದ್ದವು. ಅದು ಪಾತ್ರೆಯ ಕೆಲಸ, ನನಗೆ ಬಿಡಿ ಎಂದು ತಾಯಿಯವರು ಉಳಿದರು. ಅವರ ಬಳಿ ಮಾಲೂರಿನ ಹೆಂಚಿನ ಪುಡಿಯಿತ್ತು. ಒಡೆದ ಹೆಂಚುಗಳನ್ನು ಕುಟ್ಟಿ, ಜರಡಿ ಹಿಡಿದು, ಹುಣಿಸೆಹಣ್ಣಿನ ಜೊತೆ ಸೇರಿಸಿ ಅವರು ಹಿತ್ತಾಳೆಯನ್ನು ಬೆಳಗುತ್ತಿದ್ದರು. ನಮ್ಮ ಮನೆಯ ಬಿಂದಿಗೆಯನ್ನು ನೋಡಿ ನೆಂಟರು ಹೊಸದೇ ಎಂದು ಕೇಳುವುದಿತ್ತು.

ನಾವು ಹಿಂದಿರುಗಿದಾಗ ದೀಪಗಳ ಬಳೆಗಳು ಚಿನ್ನದಂತಿದ್ದವು. ತಾಯಿಯವರು ಅವುಗಳ ಪಕ್ಕದಲ್ಲಿ, ನೆಲದ ಮೇಲೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವರು ಹಾಗೆ ಸುಮ್ಮನೆ ಕುಳಿತುದನ್ನು ನಾನು ಕಂಡಿರಲಿಲ್ಲ.

ಬಳೆಗಳು ಅಷ್ಟು ಚೆನ್ನಾಗಿ ಬೆಳಗಿದ್ದನ್ನು ಕಂಡು ಅವರು ಅದೇ ಕೈಯಲ್ಲಿ ಎಡಗಡೆಯ ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿಗೂ ಹೆಂಚಿನ ಪುಡಿ ಹಾಕಿ ಉಜ್ಜಿದ್ದರು. ಉಜ್ಜಿದಷ್ಟೂ ಒಳಗಿನ ಹೊಳಪು ಹೊರಗೆ ಬರಬೇಕು. ಅವರ ಅನುಭವದಲ್ಲಿ ಲೋಹವೆಲ್ಲ ಹಾಗೆಯೇ. ಕಪ್ಪು ಬಣ್ಣವೆಂಬುದು ಮಸಿಯಲ್ಲ, ಅದೇ ಮೇಲಿನ ಚರ್ಮ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಮಡ್‌ಗಾರ್ಡಿನ ಉಬ್ಬಿನ ಮೇಲೆ, ಊಟದ ತಟ್ಟೆಯಗಲ, ಕಪ್ಪು ಹೋಗಿ ಅಡಿಯ ಕೆಂಪು ಬಣ್ಣ ಹಸಿ ಗಾಯದಂತೆ ಕಾಣುತ್ತಿತ್ತು.

ತಂದೆಯವರು ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದರು. ಕೋಲಾರಕ್ಕೆ ಹೋಗಿ ಬಣ್ಣ ತರಲು ಸಮಯವಿರಲಿಲ್ಲ, ತಂದರೂ ಹಚ್ಚುವುದು ನಮಗೆ ತಿಳಿಯದು. ಕಾರನ್ನು ತಿರುಗಿಸಿ ಆ ಮಗ್ಗುಲನ್ನು ಗೋಡೆಯ ಕಡೆಗೆ ನಿಲ್ಲಿಸಬಹುದೇ ಎಂದು ನಾನು ಯೋಚಿಸಿದೆ. ಆದರೆ ವಕೀಲರು ಸುತ್ತ ಬಂದು ನೋಡುವವರು. ಅದು ಅವರ ವೃತ್ತಿಯ ಅಭ್ಯಾಸ.

ಕೊನೆಗೆ ತಾಯಿಯವರೇ ಎದ್ದು ಒಳಗೆ ಹೋದರು. ನೆರೆಹೊರೆಯ ಹಸುಗೂಸುಗಳ ಕಣ್ಣಿಗೆಲ್ಲ ಅವರೇ ಕಾಡಿಗೆ ಮಾಡಿಕೊಡುತ್ತಿದ್ದರು. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವಿಚಿ, ಅದಕ್ಕೆ ಹಿಡಿದ ಮಸಿಯನ್ನು ಎಣ್ಣೆಯಲ್ಲಿ ಕಲಸಿದ್ದು. ಅದರ ಕರಡಿಗೆಯನ್ನು ತಂದು, ಸ್ವಲ್ಪ ಜೇನುಮೇಣ ಕೇಳಿ ಪಡೆದು, ಎರಡನ್ನೂ ಬಿಸಿಮಾಡಿ ಬೆರೆಸಿ, ಆ ಕೆಂಪಿನ ಮೇಲೆ ಬೆರಳ ತುದಿಯಿಂದ ತೆಳ್ಳಗೆ ಸವರಿದರು. ಕಪ್ಪಿನ ಜೊತೆ ಕಪ್ಪು ಸೇರಿಹೋಯಿತು. ಉಳಿದ ಮೈಗೆ ಮೇಣ ಹಚ್ಚಿ ಹಳೆಯ ಪಂಚೆಯ ತುಂಡಿನಿಂದ ತಿಕ್ಕಿದ ಮೇಲೆ ಯಾವುದು ಬಣ್ಣ, ಯಾವುದು ಕಾಡಿಗೆ ಎಂದು ನನಗೂ ಗುರುತು ಹತ್ತಲಿಲ್ಲ. ಆದರೆ ಮುಟ್ಟಿದರೆ ಕೈಗೆ ಬರುತ್ತಿತ್ತು.

"ಯಾರೂ ಮುಟ್ಟದೇ ಇದ್ರೆ ಆಯ್ತು," ಎಂದರು ತಾಯಿಯವರು.

ಶುಕ್ರವಾರ ಬೆಳಿಗ್ಗೆಯಿಂದಲೇ ಮೋಡವಿತ್ತು. ಕಾರನ್ನು ಸೂರಿನಿಂದ ಅಂಗಳಕ್ಕೆ ತಳ್ಳಿ ನಿಲ್ಲಿಸಿದ್ದೆವು. ಹನಿ ಬಿದ್ದರೆ ಏನು ಗತಿ ಎಂದು ನಾನು ಆಕಾಶವನ್ನೂ ಮಡ್‌ಗಾರ್ಡನ್ನೂ ಸರದಿಯಂತೆ ನೋಡುತ್ತಿದ್ದೆ. ವಕೀಲರನ್ನು ಸ್ವಾಗತಿಸಲು ಇಂಗ್ಲಿಷಿನಲ್ಲಿ ಎರಡು ವಾಕ್ಯಗಳನ್ನು ಸಿದ್ಧಪಡಿಸಿಕೊಂಡಿದ್ದೆ. ವ್ಯಾಕರಣದಲ್ಲಿ ತಪ್ಪು ಬರಬಾರದೆಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ತಾಯಿಯವರು ಬಾಗಿಲ ಮರೆಯಲ್ಲಿದ್ದರು. ವಕೀಲರ ಎದುರಿಗೆ ಅವರು ಎಂದೂ ಬಂದವರಲ್ಲ.

ಕಿರಿದಾದ ಹಳಿಯ ಸಣ್ಣ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಬಂದಿಳಿದು, ಜಟಕಾ ಹಿಡಿದು ಮೂವರು ಬಂದರು: ವಕೀಲರು, ಪಾರುಪತ್ಯದವರು, ಮತ್ತು ಪೆಟ್ರೋಲಿನ ಡಬ್ಬಿಯನ್ನೂ ಬ್ಯಾಟರಿಯನ್ನೂ ಹೊತ್ತುಕೊಂಡ ಡ್ರೈವರ್. ವಕೀಲರು ಅಂಗಳದ ಅಂಚಿನಲ್ಲಿ ಕೋಲೂರಿ ನಿಂತು ಕಾರನ್ನು ನೋಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಪಾರುಪತ್ಯದವರ ಮುಖದಲ್ಲಿ ಬುಧವಾರದ ನಗು ಇರಲಿಲ್ಲ. ನನ್ನ ಎರಡು ವಾಕ್ಯಗಳಿಗೆ ಅವಕಾಶವೇ ಬರಲಿಲ್ಲ. ವಕೀಲರು ಅಷ್ಟರಲ್ಲಿ ಕಾರನ್ನು ಸುತ್ತತೊಡಗಿದ್ದರು.

ಹಿಂಭಾಗ, ಬಲಮಗ್ಗುಲು, ಮುಂಭಾಗ. ದೀಪಗಳ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ಎಡಗಡೆಗೆ ಬಂದು, ಚಕ್ರದ ಕಡ್ಡಿಗಳನ್ನು ನೋಡಲೆಂದು ಬಗ್ಗಲು ಹೋದರು. ಮಂಡಿ ಒಪ್ಪಲಿಲ್ಲ. ಆಧಾರಕ್ಕಾಗಿ ಬಲಗೈಯನ್ನು ಪೂರ್ತಿಯಾಗಿ ಮಡ್‌ಗಾರ್ಡಿನ ಉಬ್ಬಿನ ಮೇಲೆ ಊರಿದರು.

ಕಡ್ಡಿಗಳನ್ನು ಅವರು ಬಹಳ ಹೊತ್ತು ನೋಡಿದರೆಂದು ನನಗೆ ಅನಿಸಿತು. ಎದ್ದು ನಿಂತು ಅಂಗೈ ತಿರುಗಿಸಿದರು. ಅಂಗೈ ಕಪ್ಪಾಗಿತ್ತು. ಮಡ್‌ಗಾರ್ಡಿನ ಮೇಲೆ ಐದು ಬೆರಳುಗಳೂ ಕೆಂಪಗೆ ಮೂಡಿದ್ದವು.

ಮೊದಲು ಮಾತಾಡಿದವರು ಪಾರುಪತ್ಯದವರು. "ನೋಡಿದ್ರಾ ಸ್ವಾಮಿ? ಮಸಿ ಬಳಿದು ತೋರಿಸ್ತಿದಾರೆ. ಹೊರಗೇ ಹಿಂಗೆ. ಒಳಗೆ ಇಲಿ ಏನೇನು ಬಿಟ್ಟಿವೆಯೋ."

ವಕೀಲರು ಅವರ ಕಡೆ ನೋಡಲಿಲ್ಲ. ಇದೇನೆಂದು ತಂದೆಯವರನ್ನು ಕೇಳಿದರು. ತಂದೆಯವರು ಹೆಗಲ ಮೇಲಿನ ವಸ್ತ್ರವನ್ನು ಕೆಳಗಿಳಿಸಿ, ತಪ್ಪು ನನ್ನದು ಸ್ವಾಮಿ, ತೊಳೆಯುವಾಗ ನಾನೇ ಎಂದು ಆರಂಭಿಸಿದರು.

"ಅವರಲ್ಲ."

ತಾಯಿಯವರು ಬಾಗಿಲಿನಿಂದ ಹೊರಗೆ ಬಂದಿದ್ದರು. ತಲೆಯ ಮೇಲೆ ಸೆರಗಿತ್ತು. ದೃಷ್ಟಿ ನೆಲದ ಮೇಲಿತ್ತು.

"ಉಜ್ಜಿದ್ದು ನಾನು. ದೀಪ ಬೆಳಗಿತಲ್ಲ, ಇದೂ ಬೆಳಗುತ್ತೆ ಅಂದ್ಕೊಂಡೆ. ಬಣ್ಣ ಬಂದ್ಬಿಡ್ತು. ಅದಕ್ಕೆ ಕಾಡಿಗೆ ಬಳಿದೆ. ಬೇರೆ ಎಲ್ಲೂ ಬಳಿದಿಲ್ಲ. ಬೇಕಾದ್ರೆ ಎಲ್ಲಾ ಕಡೆ ಮುಟ್ಟಿ ನೋಡಿ."

ವಕೀಲರು ನಿಜವಾಗಿಯೂ ಮುಟ್ಟಿ ನೋಡಿದರು. ಎಡಗೈಯಿಂದ ಬಾನೆಟ್ಟು, ಬಾಗಿಲು, ಹಿಂದಿನ ಮಡ್‌ಗಾರ್ಡು. ಪ್ರತಿ ಸಲವೂ ಅಂಗೈ ತಿರುಗಿಸಿ ನೋಡಿಕೊಂಡರು. ಎಡಗೈ ಬೆಳ್ಳಗೇ ಉಳಿಯಿತು. ಆಮೇಲೆ ಹಿಂದಿನ ಬಾಗಿಲನ್ನು ತೆರೆದರು. ಒಳಗಿನಿಂದ ಒಂದು ಕಹಿ ವಾಸನೆ ಬಂದಿತು. ಎಷ್ಟು ತೊಳೆದರೂ ಅದು ಹೋಗಿರಲಿಲ್ಲ. ಅವರು ಮೂಗರಳಿಸಿ ತಂದೆಯವರನ್ನು ನೋಡಿದರು.

ನಾನು ಕಣ್ಸನ್ನೆಯಿಂದ ತಂದೆಯವರನ್ನು ತಡೆಯಲು ಪ್ರಯತ್ನಿಸಿದೆ. ಅವರು ನನ್ನ ಕಡೆ ತಿರುಗಲಿಲ್ಲ.

"ಲಕ್ಕಿ ಸೊಪ್ಪು ಸ್ವಾಮಿ. ಕೆಡದ ಹಾಗೆ ನೋಡ್ಕೊ ಅಂದಿದ್ರಿ. ಬಿತ್ತನೆ ರಾಗಿ ಇಟ್ಟ ಹಂಗೇ ಇಟ್ಟೆ. ಸೊಪ್ಪು ತುಂಬಿ, ಸಂದಿಗೆಲ್ಲ ಸಗಣಿ ಮಣ್ಣು ಮೆತ್ತಿದ್ದೆ. ಈಗ ಮೊನ್ನೆ ತೆಗೆದ್ವಿ."

ಡ್ರೈವರನಿಗೆ ನಗು ತಡೆಯಲಾಗಲಿಲ್ಲ. ಪಾರುಪತ್ಯದವರು, ಕಾರು ಅಂದರೆ ವಾಡೆಯೇನೋ ಎಂದು ಅದಕ್ಕೆ ದನಿಗೂಡಿಸಿದರು. ವಕೀಲರು ಮಾತ್ರ ನಗಲಿಲ್ಲ. ಸೀಟುಗಳನ್ನು ನೋಡೆಂದು ಡ್ರೈವರನಿಗೆ ಹೇಳಿದರು. ಅವನು ಅರ್ಧ ಮೈ ಒಳಗೆ ಹಾಕಿ, ಸೀಟುಗಳನ್ನು ಒತ್ತಿ, ಎತ್ತಿ, ಅಡಿಗೆ ಕೈಹಾಕಿ ನೋಡಿದ. ಹೊರಗೆ ಬಂದಾಗ ಅವನ ನಗು ನಿಂತಿತ್ತು.

"ಒಂದು ಹೊಲಿಗೆ ಬಿಟ್ಟಿಲ್ಲ ಸ್ವಾಮಿ. ಮುಳಬಾಗಿಲಿನ ಡಾಕ್ಟರ ಕಾರನ್ನ ಹೋದ ತಿಂಗಳು ತೆಗೆದ್ವಲ್ಲ, ಅದರ ಸೀಟನ್ನ ಇಲಿ ಕಡಿದು ಬರೀ ಕಂಬಿ ಉಳಿದಿತ್ತು."

ವಕೀಲರು ಕೋಲನ್ನು ಡ್ರೈವರನ ಕೈಗೆ ಕೊಟ್ಟು, ಒಳಗೆ ಹತ್ತಿ ಕುಳಿತು, ಬಾಗಿಲೆಳೆದುಕೊಂಡರು. ಗಾಜಿನ ಹಿಂದೆ ಅವರು ನೇರವಾಗಿ ಮುಂದೆ ನೋಡುತ್ತಿದ್ದುದು ಕಾಣುತ್ತಿತ್ತು. ಪಾರುಪತ್ಯದವರು ಕೊಡೆಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. ನನ್ನ ತೋಳಿನ ಮೇಲೆ ಒಂದು ಹನಿ ಬಿದ್ದಿತು. ಆದರೆ ಮಳೆ ಮುಂದುವರಿಯಲಿಲ್ಲ.

ಗಾಜು ಅರ್ಧ ಇಳಿದು ಸಿಕ್ಕಿಕೊಂಡಿತು. ಆ ಸಂದಿಯಿಂದ ವಕೀಲರು ತಂದೆಯವರನ್ನು ಹತ್ತಿರಕ್ಕೆ ಕರೆದರು.

"ಕೆಳಗಿನ ಹೊಲಕ್ಕೆ ಏನು ಹಾಕಿದೀಯ?"

"ರಾಗಿ ಸ್ವಾಮಿ. ಸಾಲಲ್ಲಿ ಅವರೆ."

"ಕಾಯಿ ಬಿಟ್ಟಾಗ ಒಂದು ಮೂಟೆ ಮನೆಗೆ ಕಳಿಸು. ಸೊಗಡಿನದು ನೋಡಿ ಕಳಿಸು."

ಅವರೆ ಕಾಯಿ ಬಿಡಲು ಇನ್ನೂ ಚಳಿಗಾಲ ಬರಬೇಕಾಗಿತ್ತು. ಆಗ ಅದನ್ನು ಕಿತ್ತು ಕಳುಹಿಸುವವರು ನಾವೇ ಎಂದಾದರೆ, ಅಲ್ಲಿಯವರೆಗೆ ಆ ಮನೆಯಲ್ಲಿರುವವರೂ ನಾವೇ. ನನಗೆ ಇದು ತಟ್ಟನೆ ಹೊಳೆಯಿತು. ಪಾರುಪತ್ಯದವರಿಗೂ ಹೊಳೆದಿರಬೇಕು, ಅವರು ಬಾವಿಯ ಕಡೆಗೆ ತಿರುಗಿ ನಿಂತರು. ತಂದೆಯವರು ಮಾತ್ರ, ಸೊಗಡು ಬರಬೇಕಾದರೆ ಮಂಜು ಬೀಳಬೇಕು ಸ್ವಾಮಿ, ಸ್ವಲ್ಪ ತಡವಾಗುತ್ತೆ ಎಂದು ಗಂಭೀರವಾಗಿ ಹೇಳಿದರು. ತಡವಾದರೆ ಆಗಲಿ ಎಂದರು ವಕೀಲರು.

ಇಂಜಿನ್ನು ಶುರುವಾಗಲಿಲ್ಲ. ಡ್ರೈವರ್ ಬಹಳ ಹೆಣಗಿ, ಬೆವರೊರೆಸಿಕೊಂಡು, ಕೋಲಾರದಿಂದ ಮೆಕ್ಯಾನಿಕ್ಕನನ್ನು ಶ್ರೀನಿವಾಸಪುರಕ್ಕೆ ಕರೆಸಬೇಕು, ಅಲ್ಲಿಯವರೆಗೆ ಎಳೆಯಬೇಕು ಎಂದ. ತಂದೆಯವರು ಹೋಗಿ ಎತ್ತುಗಳನ್ನು ತಂದರು. ಮುಂದಿನ ಅಚ್ಚಿಗೆ ಹಗ್ಗ ಬಿಗಿದು, ನೊಗಕ್ಕೆ ಕಟ್ಟಿ, ಮೂಗುದಾರ ಹಿಡಿದು ತಾವೇ ಮುಂದೆ ನಡೆದರು. ಡ್ರೈವರ್ ಸ್ಟೀರಿಂಗ್ ತಿರುಗಿಸುತ್ತ ಕುಳಿತ. ವಕೀಲರು ಹಿಂದಿನ ಸೀಟಿನಿಂದ ಇಳಿಯಲಿಲ್ಲ. ಪಾರುಪತ್ಯದವರು ಖಾಲಿ ಜಟಕಾದಲ್ಲಿ ಹಿಂಬಾಲಿಸಿದರು.

ತೋಪಿನ ನೆರಳಿನಿಂದ ದಾರಿಗೆ ಬೀಳುವಾಗ ಕಾರಿನ ಮೈಮೇಲೆ ಮರಗಳು ಒಂದೊಂದಾಗಿ ಜಾರಿಹೋಗುತ್ತಿದ್ದವು. ಅಷ್ಟು ಹೊಳಪು ಬಂದಿತ್ತು. ನಾನು ಅದನ್ನೇ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿ ನಿಂತಿದ್ದ ತಾಯಿಯವರು ಬೇರೆ ಏನನ್ನೋ ನೋಡುತ್ತಿದ್ದರು. ಬಾಗಿಲು ಎಳೆದುಕೊಳ್ಳುವಾಗ ವಕೀಲರ ಬಲಗೈ ಗಾಜಿಗೆ ತಗುಲಿತ್ತು. ಅಲ್ಲಿ ಕಾಡಿಗೆಯ ನಾಲ್ಕು ಬೆರಳುಗಳು ಸ್ಪಷ್ಟವಾಗಿ ಮೂಡಿದ್ದವು. ತಾಯಿಯವರು ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಕಾರಿನ ಹಿಂದೆ ಸ್ವಲ್ಪ ದೂರ ಬೇಗ ಬೇಗ ನಡೆದರು. ಎತ್ತುಗಳು ನಿಲ್ಲಲಿಲ್ಲ. ಧೂಳಿನಲ್ಲಿ ಅವರೇ ನಿಂತು ನನ್ನ ಕಡೆ ತಿರುಗಿದರು.

"ಅದೊಂದನ್ನ ಒರೆಸಿಬಿಟ್ಟಿದ್ರೆ ಆಗಿತ್ತು ಕಣೋ."